ಉನ್ನತ ಶಿಕ್ಷಣದ ನಾಯಕತ್ವ: ಬೆಂಗಳೂರಿನ ಹೊರವಲಯ

ವಿದ್ಯಾಸಂಸ್ಥೆಯ ಮುಖ್ಯಸ್ಥರು ಯಾರಿಗೆ ಲೆಕ್ಕ ಒಪ್ಪಿಸಬೇಕು, ಕ್ಯಾಂಪಸ್ಸಿನ ಆಚೆ ಅವರ ಮಾತು ಎಷ್ಟು ದೂರ ನಡೆಯುತ್ತದೆ ಎಂಬ ವಿಷಯದಲ್ಲಿ ಕರ್ನಾಟಕ ಎರಡು ಮಾದರಿಗಳನ್ನು ಕಂಡಿದೆ. ಒಂದು, ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾನಿಲಯಗಳ ಕುಲಪತಿಗಳದು. ಇನ್ನೊಂದು, 1999ರಲ್ಲಿ ವೈಟ್‌ಫೀಲ್ಡಿನಲ್ಲಿ ಹುಟ್ಟಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರು ಬಿಟ್ಟದ್ದು.

ಹಳೆಯ ಮಾದರಿಯಲ್ಲಿ ಸಂಬಳ ಸರ್ಕಾರದ್ದು, ವರ್ಚಸ್ಸು ಕುಲಪತಿಯದು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕುವೆಂಪು (1956–60) ಕನ್ನಡ ಮಾಧ್ಯಮಕ್ಕಾಗಿ ಪಟ್ಟು ಹಿಡಿದರು, ಮಾನಸಗಂಗೋತ್ರಿಯನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ, ಭೌತವಿಜ್ಞಾನಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ, ಸತ್ಯಸಾಯಿ ಬಾಬಾ ಅವರನ್ನೇ ಪರೀಕ್ಷೆಗೆ ಆಹ್ವಾನಿಸಿದರು. ಬಾಬಾ ಒಪ್ಪಲಿಲ್ಲ, ನಾಡಿನಲ್ಲಿ ಚರ್ಚೆ ಮಾತ್ರ ಕಾವೇರಿತು. ಪಠ್ಯಕ್ಕೂ ಪರೀಕ್ಷೆಗೂ ಸಂಬಂಧವಿಲ್ಲದ ಇಂಥ ಕೆಲಸಕ್ಕೆ ಕುಲಪತಿ ಕೈಹಾಕಬಹುದು ಎಂದು ಆಗ ಬಹಳ ಜನ ನಂಬಿದ್ದರು.

ನಗರದ ಹೊರವಲಯಕ್ಕೆ ಕಾರ್ಖಾನೆ ಮೊದಲು ಬಂತು, ಕಾಲೇಜು ಆಮೇಲೆ. ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತಿನ ಸುಮಾರು 330 ಎಕರೆಯಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಅದರ ಕನಸು ನಿಗಮದ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗ ಅವರದು. ಇನ್ನೊಂದು ಕೈಗಾರಿಕಾ ಪ್ರದೇಶವಾದ ಪೀಣ್ಯದ ದಾರಿ ಬೇರೆ. ಅಲ್ಲಿ ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಗಳು ಟೂಲ್ ಮತ್ತು ಡೈ ತಯಾರಿಕೆ ಕಲಿಸಿದವು. ಕುಲಪತಿಯೂ ಇಲ್ಲ, ಘಟಿಕೋತ್ಸವದ ಗೌನೂ ಇಲ್ಲ. ಉನ್ನತ ಶಿಕ್ಷಣದ ಚರಿತ್ರೆ ಬರೆಯುವವರು ಪೀಣ್ಯವನ್ನು ಬಿಟ್ಟುಬಿಡುವುದು ರೂಢಿ, ಅದು ಸರಿಯಲ್ಲ.

1999ರಲ್ಲಿ ರಾಜ್ಯ ಸರ್ಕಾರ ಮತ್ತು ಐಟಿ ಉದ್ಯಮ ಜೊತೆಗೂಡಿ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯನ್ನು (ಐಐಐಟಿ–ಬಿ) ನೋಂದಾಯಿತ ಸೊಸೈಟಿಯಾಗಿ ಸ್ಥಾಪಿಸಿದವು. ಸ್ವಂತ ಕಟ್ಟಡವಿರಲಿಲ್ಲ, ಮೊದಲ ತರಗತಿಗಳು ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ, ಆ ಟೆಕ್ ಪಾರ್ಕಿನ ಕಂಪನಿಗಳ ಮಧ್ಯೆಯೇ ನಡೆದವು. 2003ರಲ್ಲಿ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯ ಸ್ವಂತ ಕ್ಯಾಂಪಸ್ಸಿಗೆ ಬಂತು, ಮುಂದೆ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಸ್ಥಾಪಕ ನಿರ್ದೇಶಕ ಎಸ್. ಸಡಗೋಪನ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದವರು. ಕಾನ್ಪುರದ ಐಐಟಿ, ಬೆಂಗಳೂರಿನ ಐಐಎಂಗಳಲ್ಲಿ ಪಾಠ ಹೇಳಿ, ಕಂಪನಿಗಳು ಬಳಸುವ ಇಆರ್‌ಪಿ ತಂತ್ರಾಂಶದ ಬಗ್ಗೆ ಪಠ್ಯಪುಸ್ತಕ ಬರೆದಿದ್ದರು. ಎರಡು ದಶಕ ಅವರು ಆ ಕುರ್ಚಿಯಲ್ಲಿದ್ದರು. ಕುಲಪತಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ರಾಜ್ಯದಲ್ಲಿ ಇದು ಅಪರೂಪ, ಮತ್ತು ಸಂಸ್ಥೆಯ ಯಶಸ್ಸಿಗೆ ದೊಡ್ಡ ಕಾರಣವೂ ಹೌದು.

ಆದರೆ ಇಲ್ಲಿ ಅಧಿಕಾರ ಒಬ್ಬರ ಕೈಯಲ್ಲಿರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣ ಮೂರ್ತಿ, ನಂತರ ಅದೇ ಕಂಪನಿಯ ಕ್ರಿಸ್ ಗೋಪಾಲಕೃಷ್ಣನ್ ಇದ್ದರು. ನಿರ್ದೇಶಕರ ಮಾತು ಸರ್ಕಾರದ ಕಾರ್ಯದರ್ಶಿಗಳ ಕೊಠಡಿಗೂ ಕಂಪನಿಗಳ ಬೋರ್ಡ್‌ರೂಮಿಗೂ ಸುಲಭವಾಗಿ ತಲುಪುತ್ತಿತ್ತು. ನರಸಿಂಹಯ್ಯನವರ ಹಾಗೆ ಬೀದಿಯ ಚರ್ಚೆಯೊಂದನ್ನು ಎಬ್ಬಿಸುವ ಗೋಜಿಗೆ ಈ ಮಾದರಿ ಹೋಗಲಿಲ್ಲ.

ಅದರ ಸಾರ್ವಜನಿಕ ಪಾತ್ರ ಕಾಣಿಸಿದ್ದು ಬೇರೊಂದು ಕಡೆ. 2018ರಲ್ಲಿ ಇಲ್ಲಿ ಆರಂಭವಾದ ಮೊಸಿಪ್ ಒಂದು ಮುಕ್ತ ತಂತ್ರಾಂಶ ಯೋಜನೆ. ನಾಗರಿಕರಿಗೆ ಗುರುತಿನ ಸಂಖ್ಯೆ ಕೊಡಬೇಕೆಂದಿರುವ ದೇಶ ಇದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಶುಲ್ಕವಿಲ್ಲದೆ ಪಡೆದು, ತನ್ನ ಭಾಷೆಗೂ ಕಾನೂನಿಗೂ ಒಗ್ಗಿಸಿಕೊಳ್ಳಬಹುದು. ಒಂದೇ ಕಂಪನಿಯ ಮರ್ಜಿಗೆ ಕಟ್ಟುಬೀಳಬೇಕಿಲ್ಲ. ಮೊರಾಕೊ, ಫಿಲಿಪ್ಪೀನ್ಸ್ ಮೊದಲಿಗೆ ಕೈಜೋಡಿಸಿದವು. ಗುರುತಿನ ಚೀಟಿಯೇ ಜನರ ಮೇಲೆ ನಿಗಾ ಇಡುವ ಸಾಧನವಾದರೆ ಎಂಬ ಆತಂಕ ಇಂಥ ಯೋಜನೆಗಳನ್ನು ಎಲ್ಲೆಡೆ ಹಿಂಬಾಲಿಸುತ್ತದೆ.

ಕರ್ನಾಟಕದ ಕಾಯ್ದೆಯ ಮೂಲಕ 2010ರಲ್ಲಿ ಬಂದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವೂ ಎಲೆಕ್ಟ್ರಾನಿಕ್ ಸಿಟಿಯಲ್ಲೇ ತರಗತಿ ಆರಂಭಿಸಿ, ಆಮೇಲೆ ಸರ್ಜಾಪುರದ ಕಡೆಗೆ ಹೋಯಿತು. ದುಡ್ಡು ಐಟಿಯದಾದರೂ ಪಾಠ ಶಿಕ್ಷಣ ಮತ್ತು ಅಭಿವೃದ್ಧಿಯದು. ಕುಲಪತಿಯಾಗಿದ್ದ ಅನುರಾಗ್ ಬೆಹರ್ ಸರ್ಕಾರಿ ಶಾಲೆಗಳ ಬಗ್ಗೆ ಪತ್ರಿಕೆಯಲ್ಲಿ ಅಂಕಣ ಬರೆದರು. ಸಮಾಜ ವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವ ‘ಅನುವಾದ ಸಂಪದ’ ಈ ವಿಶ್ವವಿದ್ಯಾನಿಲಯದ್ದು. ಹೊರವಲಯದ ಸಂಸ್ಥೆಗಳಲ್ಲಿ ಕನ್ನಡಕ್ಕೆ ಇಷ್ಟು ಜಾಗ ಸಿಕ್ಕಿದ್ದು ವಿರಳ.

ನಾಯಕತ್ವವನ್ನೇ ನೀತಿಯ ವಿಷಯವಾಗಿಸಿದ ಕೆಲಸಕ್ಕೂ ಬೆಂಗಳೂರಿನ ನಂಟಿದೆ. 2008ರ ಕರ್ನಾಟಕ ಜ್ಞಾನ ಆಯೋಗಕ್ಕೆ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅಧ್ಯಕ್ಷರು, ಮ್ಯಾನೇಜ್‌ಮೆಂಟ್ ಅಧ್ಯಾಪಕ ಎಂ. ಕೆ. ಶ್ರೀಧರ್ ಸದಸ್ಯ ಕಾರ್ಯದರ್ಶಿ. ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಸಮಿತಿಯಲ್ಲೂ ಇಬ್ಬರೂ ಇದ್ದರು. 2020ರ ಆ ನೀತಿಯ 19ನೇ ಅಧ್ಯಾಯ ಸಂಸ್ಥೆಯ ಮುಖ್ಯಸ್ಥರನ್ನು ಸ್ವತಂತ್ರ ಆಡಳಿತ ಮಂಡಳಿಯೇ ಆರಿಸಲಿ ಎನ್ನುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಅನುಭವಕ್ಕೆ ಇದು ಹತ್ತಿರದ್ದು. ಕರ್ನಾಟಕ 2021ರಲ್ಲಿ ನೀತಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ಶಿಕ್ಷಣ ನೀತಿಗಾಗಿ ಆಯೋಗ ರಚಿಸಿ, 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಜಗಳವೆಲ್ಲ ಪದವಿ ಎಷ್ಟು ವರ್ಷದ್ದು ಎಂಬುದರ ಸುತ್ತ ನಡೆಯಿತು. 19ನೇ ಅಧ್ಯಾಯವನ್ನು ಓದಿದವರು ಕಡಿಮೆ. ರಾಜ್ಯದ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ಕುಲಪತಿಯನ್ನು ಶೋಧನಾ ಸಮಿತಿಯ ಪಟ್ಟಿಯಿಂದ ಆರಿಸಿ ನೇಮಿಸುವವರು ಈಗಲೂ ಕುಲಾಧಿಪತಿಯಾದ ರಾಜ್ಯಪಾಲರು.