ಆತಕೂರಿನ ಕಾಳಿ

ಬೇಟೆಯಲ್ಲೂ ನ್ಯಾಯ ಅಂತ ಒಂದಿರುತ್ತಾ? ಈ ಮಾತು ಬಂದಾಗಲೆಲ್ಲ ನನಗೆ ಕಾಳಿ ನೆನಪಾಗುತ್ತದೆ.

ನಮ್ಮ ಜಯನಗರದಿಂದ ದೂರವೇನಲ್ಲದ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರು ಶಾಸನದಲ್ಲಿ (ಸುಮಾರು ಕ್ರಿ.ಶ. 950) ಅದರ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ, ಗಂಗರ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಈ ನಾಯಿಯನ್ನು! ಮುಂದೆ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಕಲ್ಲು ನೆಟ್ಟು ಭೂಮಿ ಬಿಟ್ಟರು. ಪೂಜೆ ಮಾಡದೆ ಗೊರವ ಉಣ್ಣಬಾರದೆಂದೂ ಬರೆಸಿದರು.

ಕಲ್ಲಿನಲ್ಲಿ ಹಂದಿಯನ್ನೂ ಕಡೆದಿದ್ದಾರೆ, ಕಾದಾಡುತ್ತಿರುವಂತೆಯೇ. ರಾತ್ರಿ ಜೀಪಿನ ದೀಪ ಬಿಟ್ಟು, ಕಣ್ಣು ಕೋರೈಸಿ ಗುಂಡು ಹೊಡೆಯುವವರು ಹೀಗೆ ಕಡೆಸಿಯಾರೇ? ಹಾಗಂತ ಮಣಲೇರನದು ನ್ಯಾಯದ ಬೇಟೆ ಅನ್ನಲೂ ನನಗೆ ಮನಸ್ಸು ಬಾರದು. ಕೋರೆಗೆ ಎದೆಯೊಡ್ಡಿದ್ದು ಅವನಲ್ಲ, ಕಾಳಿ. ಹಂದಿಗಂತೂ ಹೆಸರೂ ಇಲ್ಲ.