ಪಹಣಿ ಇಲ್ಲದ ಹೊಲ: ಕುಮಿಯಾಯ್ ಜನರ ಗಿಡಮರಗಳ ಕಥೆ

ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆ ಮೂಲದಲ್ಲಿ ನಮ್ಮ ನಾಡಿನದಲ್ಲ, ಅಮೆರಿಕ ಖಂಡದಿಂದ ಬಂದದ್ದು. ನಾವು ಅದನ್ನು ಬೇಲಿಗೆ ನೆಟ್ಟೆವು, ನಾರು ತೆಗೆದು ಹಗ್ಗ ಹೊಸೆದೆವು. ಕತ್ತಾಳೆ ಜಾತಿಯ ಗಿಡಗಳ ತವರಿನಲ್ಲಿ ಅದನ್ನು ಊಟಕ್ಕೂ ಬಳಸಿದ ಜನರಿದ್ದಾರೆ. ಅವರಲ್ಲಿ ಕುಮಿಯಾಯ್ ಬುಡಕಟ್ಟಿನವರೂ ಸೇರಿದ್ದಾರೆ.

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿರುವ ಸ್ಯಾನ್ ಡಿಯಾಗೋ ಸುತ್ತಮುತ್ತ ಮತ್ತು ಗಡಿಯಾಚೆ ಮೆಕ್ಸಿಕೋದ ಉತ್ತರ ಬಾಹಾ ಕ್ಯಾಲಿಫೋರ್ನಿಯಾ ಇವರ ನೆಲ. ಒಂದು ಕಡೆ ಸಮುದ್ರ, ನಡುವೆ ಬೆಟ್ಟ, ಇನ್ನೊಂದು ಕಡೆ ಮರುಭೂಮಿ. ಯಾವ ಕಾಲಕ್ಕೆ ಎಲ್ಲಿ ಏನು ಸಿಗುತ್ತದೋ ಅಲ್ಲಿಗೆ ಹೋಗುವುದು ಇವರ ಬದುಕಿನ ಕ್ರಮವಾಗಿತ್ತು.

ಮುಖ್ಯ ಆಹಾರ ಓಕ್ ಮರದ ಕಾಯಿ. ಅದು ವಿಪರೀತ ಒಗರು, ಹಾಗೇ ತಿನ್ನಲಾಗದು. ಹೆಂಗಸರು ಅದನ್ನು ಒಣಗಿಸಿ, ಸಿಪ್ಪೆ ತೆಗೆದು, ಬಂಡೆಯಲ್ಲೇ ಮಾಡಿದ ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಹಿಟ್ಟಿನ ಮೇಲೆ ಮತ್ತೆ ಮತ್ತೆ ನೀರು ಹೊಯ್ದು ಒಗರು ಬಸಿದು ಹೋದ ಮೇಲೆ ಗಂಜಿ ಕಾಯಿಸುತ್ತಿದ್ದರು. ಇದರ ಹೆಸರು ‘ಶಾವೀ’. ಉಳಿದ ಕಾಯಿ ದೊಡ್ಡ ಕಣಜಗಳಿಗೆ ಹೋಗುತ್ತಿತ್ತು. ಆ ಒರಳುಗುಳಿಗಳಿರುವ ಬಂಡೆಗಳು ಈಗಲೂ ಅಲ್ಲಿನ ಬೆಟ್ಟಗಳಲ್ಲಿವೆ.

ಕತ್ತಾಳೆಯ ನಡುತಿರುಳನ್ನು ಕಾದ ಕಲ್ಲುಗಳಿರುವ ಗುಂಡಿಯಲ್ಲಿ ಹುಗಿದು ಬೇಯಿಸಿದರೆ ಸಿಹಿಯಾಗುತ್ತದೆ. ಅದರ ನಾರಿನಿಂದ ಹಗ್ಗ, ಬಲೆ ಮಾಡುತ್ತಿದ್ದರು. ಜೌಗಿನಲ್ಲಿ ಬೆಳೆಯುವ ಜೊಂಡಿನಿಂದ ಬುಟ್ಟಿ ಹೆಣೆಯುತ್ತಿದ್ದರು. ಕೆಮ್ಮಿಗೆ ಯೆರ್ಬಾ ಸಾಂತಾ ಎಂಬ ಗಿಡದ ಎಲೆಯ ಕಷಾಯ. ಮನೆ ಕಟ್ಟಲು ವಿಲೋ ಮರದ ಕೊಂಬೆ.

ಇದನ್ನೆಲ್ಲ ಓದಿದರೆ ಕಾಡಿನಲ್ಲಿ ಸಿಕ್ಕಿದ್ದನ್ನು ಆಯ್ದು ತಿಂದ ಜನ ಅನ್ನಿಸಬಹುದು. ಸ್ಪೇನಿನವರಿಗೂ ಹಾಗೇ ಅನ್ನಿಸಿತ್ತು. ಆದರೆ ಈ ಜನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಫ್ಲಾರೆನ್ಸ್ ಶಿಪೆಕ್ ಹೇಳುವುದೇ ಬೇರೆ. ಅವರ ಪ್ರಕಾರ ಕುಮಿಯಾಯ್ ಜನ ಓಕ್ ಬೀಜ ನೆಡುತ್ತಿದ್ದರು, ಬೇಕಾದ ಗಿಡ ತಂದು ಬೇರೆಡೆ ಊರುತ್ತಿದ್ದರು, ಹುಲ್ಲುಗಾವಲಿಗೆ ಕ್ರಮವಾಗಿ ಬೆಂಕಿ ಕೊಟ್ಟು ಕಾಳಿನ ಹುಲ್ಲಿನ ಬೀಜ ಎರಚುತ್ತಿದ್ದರು. ನೇಗಿಲು ಇರಲಿಲ್ಲ, ಬೇಲಿ ಇರಲಿಲ್ಲ. ಆದರೆ ಅದು ಯಾರೂ ನೋಡಿಕೊಳ್ಳದ ನೆಲವಾಗಿರಲಿಲ್ಲ.

1769ರಲ್ಲಿ ಸ್ಪೇನಿನ ಪಾದ್ರಿಗಳು ಸ್ಯಾನ್ ಡಿಯಾಗೋದಲ್ಲಿ ಮಿಷನ್ ಕಟ್ಟಿದರು. ಅವರ ದನಕುದುರೆಗಳು ಈ ಜನರ ಕಾಳಿನ ಹುಲ್ಲಿಗೆ ಬಾಯಿ ಹಾಕಿದವು. 1775ರ ನವೆಂಬರಿನಲ್ಲಿ ಹಲವು ಊರುಗಳ ಕುಮಿಯಾಯ್ ಜನ ಒಟ್ಟಾಗಿ ಮಿಷನ್ನನ್ನು ಸುಟ್ಟರು. ಒಬ್ಬ ಪಾದ್ರಿಯೂ ಸತ್ತರು. ಮಿಷನ್ ಮತ್ತೆ ಎದ್ದಿತು. 1793ರಲ್ಲಿ ಗವರ್ನರ್ ಅರಿಲ್ಯಾಗ, ಸ್ಥಳೀಯರು ಹುಲ್ಲುಗಾವಲಿಗೆ ಬೆಂಕಿ ಕೊಡುವುದನ್ನೇ ನಿಷೇಧಿಸಿದರು. ಪಾದ್ರಿಗಳ ಕಣ್ಣಿಗೆ ಅದು ಹಾಳು ಚಟ, ಇವರಿಗೆ ಬಿತ್ತನೆಯ ಮೊದಲ ಕೆಲಸ.

1848ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ಯುದ್ಧ ಮುಗಿದು ಹೊಸ ಗಡಿ ಬಂತು. ಅದು ಕುಮಿಯಾಯ್ ನೆಲದ ನಡುವೆಯೇ ಹಾದುಹೋಯಿತು. 1852ರ ಜನವರಿಯಲ್ಲಿ ಸಾಂತಾ ಇಸಬೆಲ್‌ನಲ್ಲಿ ಅಮೆರಿಕ ಇವರ ಮುಖಂಡರೊಡನೆ ಒಪ್ಪಂದ ಮಾಡಿಕೊಂಡು ಜಮೀನು ಬಿಟ್ಟುಕೊಡುವ ಮಾತು ಕೊಟ್ಟಿತು. ಅದೇ ವರ್ಷ ಸೆನೆಟ್ ಅದನ್ನು ತಿರಸ್ಕರಿಸಿತು. ಆ ಕಾಗದಗಳು 1905ರವರೆಗೆ ಗುಟ್ಟಾಗಿಯೇ ಇದ್ದವು. 1875ರಲ್ಲಿ ಕೆಲವು ಮೀಸಲು ಪ್ರದೇಶ ಸಿಕ್ಕವು. 1930ರ ದಶಕದಲ್ಲಿ ಸ್ಯಾನ್ ಡಿಯಾಗೋ ನಗರದ ನೀರಿಗಾಗಿ ಎಲ್ ಕ್ಯಾಪಿಟನ್ ಅಣೆಕಟ್ಟು ಬಂದಾಗ ಕ್ಯಾಪಿಟನ್ ಗ್ರಾಂದೆ ಕಣಿವೆಯ ಕುಟುಂಬಗಳು ಅಲ್ಲಿಂದಲೂ ಏಳಬೇಕಾಯಿತು. ಅವರು ಬರೋನಾ, ವಿಯೆಹಾಸ್ ಎಂಬ ಕಡೆ ಹೊಸದಾಗಿ ಊರು ಕಟ್ಟಿಕೊಂಡರು. ಮುಳುಗಡೆ ಊರುಗಳ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೆಲ್ಫಿನಾ ಕ್ವೆರೊ ಎಂಬ ಹೆಂಗಸಿನ ಬದುಕಿನಲ್ಲಿ ಈ ಚರಿತ್ರೆಯೆಲ್ಲ ಕಾಣುತ್ತದೆ. ಅವರು ಹುಟ್ಟಿದ್ದು 1900ರ ಆಸುಪಾಸಿನಲ್ಲಿ, ಸ್ಯಾನ್ ಡಿಯಾಗೋ ಬಳಿ. ಒಂದೊಂದೇ ಜಾಗದಿಂದ ಎಬ್ಬಿಸಿದಂತೆ ಅವರ ಮನೆಯವರು ಅನ್ನ ಹುಡುಕಿಕೊಂಡು ದಕ್ಷಿಣಕ್ಕೆ ಸರಿದರು. ಹೀಗೆ ಸರಿಯುತ್ತಾ ಬೇರೆ ದೇಶಕ್ಕೆ ಬಂದಿದ್ದೇವೆ ಎಂಬುದೇ ಅವರಿಗೆ ಗೊತ್ತಾಗಲಿಲ್ಲ. ವಾಪಸ್ ಬರಬೇಕೆಂದಾಗ ಹುಟ್ಟಿದ ದಾಖಲೆ ಇರಲಿಲ್ಲ. ಅವರಲ್ಲಿದ್ದದ್ದು ನೆನಪು ಮಾತ್ರ: ಯಾವ ಗಿಡ ಎಲ್ಲಿ ಬೆಳೆಯುತ್ತಿತ್ತು, ಯಾವ ಬೇರು ಯಾವ ಕಾಯಿಲೆಗೆ, ಯಾವ ಜಾಗಕ್ಕೆ ಯಾವ ಹೆಸರು.

ಆ ನೆನಪನ್ನು ಶಿಪೆಕ್ ದುಭಾಷಿಯ ನೆರವಿನಿಂದ ಬರೆದುಕೊಂಡರು. ಡೆಲ್ಫಿನಾ ಹುಟ್ಟಿದ್ದು ಎಲ್ಲಿ ಎಂದು ತೋರಿಸುವುದೂ ಅದರ ಉದ್ದೇಶವಾಗಿತ್ತು. 1968ರಲ್ಲಿ ಅದು ಆತ್ಮಕಥೆಯಾಗಿ ಅಚ್ಚಾಯಿತು. ಡೆಲ್ಫಿನಾ ಕೊನೆಗಾಲದಲ್ಲಿ ಹುಟ್ಟಿದ ನಾಡಿಗೆ ಮರಳಿದರು. ಅವರು ಹೇಳಿದ ಗಿಡಗಳ ವಿವರ ಆ ಪುಸ್ತಕದ ಮುಂದಿನ ಆವೃತ್ತಿಯಲ್ಲಿ ಸೇರಿತು.

ಇಂದು ಕೆಲವು ಕುಮಿಯಾಯ್ ಸಮುದಾಯಗಳಿಗೆ ಕ್ಯಾಸಿನೋಗಳಿಂದ ಆದಾಯವಿದೆ. ಗಂಜಿಗಾಗಿ ಓಕ್ ಕಾಯಿ ಆಯುವ ಅಗತ್ಯ ಯಾರಿಗೂ ಇಲ್ಲ. ಆದರೂ ಅವರದೇ ಕಾಲೇಜಿನಲ್ಲಿ ಭಾಷೆಯ ಜೊತೆ ಗಿಡಗಳ ಬಳಕೆಯನ್ನೂ ಕಲಿಸುತ್ತಾರೆ. ಬುಟ್ಟಿ ಹೆಣೆಯುವವರು ಇನ್ನೂ ಇದ್ದಾರೆ.

ನಿಮ್ಮ ಮನೆಯ ಅಜ್ಜಿಗೆ ಎಷ್ಟು ಗಿಡಗಳ ಹೆಸರು ಗೊತ್ತು? ಒಮ್ಮೆ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಪಹಣಿಯಲ್ಲಿ ಬರೆಯದೇ ಉಳಿದ ಎಷ್ಟೋ ಸಂಗತಿ ಅವರ ಬಾಯಲ್ಲಿರುತ್ತದೆ.