ಕಾರ್ವೆಟ್ ಉಳಿದ ಕಥೆ

1953ರ ಜನವರಿ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ತನ್ನ ಹೊಸ ಕಾರುಗಳ ಪ್ರದರ್ಶನ ಏರ್ಪಡಿಸಿತ್ತು. ಅಲ್ಲಿ ಜನ ಮುಗಿಬಿದ್ದು ನೋಡಿದ್ದು ಎರಡೇ ಆಸನಗಳ, ಚಾವಣಿ ತೆರೆದ ಒಂದು ಬಿಳಿ ಕಾರನ್ನು. ಅದರ ಹೆಸರು ಷೆವರ್ಲೆ ಕಾರ್ವೆಟ್. ಕಾರ್ವೆಟ್ ಎಂದರೆ ಚಿಕ್ಕ, ಚುರುಕಾದ ಯುದ್ಧನೌಕೆ. ಅಮೆರಿಕದ ವೇಗದ ಕಾರು ಎಂದೊಡನೆ ಇಂದು ನೆನಪಾಗುವ ಈ ಹೆಸರು ಎರಡು ವರ್ಷ ಕಳೆಯುವಷ್ಟರಲ್ಲಿ ಅಳಿಸಿಹೋಗುವುದರಲ್ಲಿತ್ತು.

ಎರಡನೆಯ ಮಹಾಯುದ್ಧ ಮುಗಿಸಿ ಯುರೋಪಿನಿಂದ ಮರಳಿದ ಸೈನಿಕರು ಎಂ.ಜಿ., ಜಾಗ್ವಾರ್‌ನಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ರುಚಿ ಹತ್ತಿಸಿಕೊಂಡು ಬಂದಿದ್ದರು. ಅದಕ್ಕೆ ಅಮೆರಿಕದ ಉತ್ತರ ಬೇಕೆಂದು ಹೊರಟವರು ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್. ಉಕ್ಕಿನ ಮೈಗೆ ಬೇಕಾದ ಅಚ್ಚುಗಳು ದುಬಾರಿ, ತಯಾರಾಗಲು ಸಮಯವೂ ಹೆಚ್ಚು. ಆದ್ದರಿಂದ ಮೈಯನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡಿದರು. ಒಳಗಿನದು ಮಾತ್ರ ಹಳೆಯ ಸರಕು: ಸಂಸಾರಸ್ಥರ ಕಾರಿನ ಆರು ಸಿಲಿಂಡರ್ ಎಂಜಿನ್ನನ್ನೇ ತಿದ್ದಿ 150 ಅಶ್ವಶಕ್ತಿಗೆ ಏರಿಸಲಾಗಿತ್ತು. ಜೊತೆಗೆ ಎರಡೇ ಗೇರುಗಳ ಆಟೊಮ್ಯಾಟಿಕ್. ಗೇರು ತನ್ನ ಕೈಯಲ್ಲೇ ಇರಬೇಕೆನ್ನುವ ಸ್ಪೋರ್ಟ್ಸ್ ಕಾರು ಪ್ರಿಯರಿಗೆ ಇದು ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಾಗಿಲಿಗೆ ಹೊರಗಡೆ ಹಿಡಿಯೇ ಇರಲಿಲ್ಲ. ಕಿಟಕಿಗೆ ಗಾಜಿನ ಬದಲು ಸಿಕ್ಕಿಸುವ ಪರದೆ. ಬೆಲೆ ಸುಮಾರು 3,500 ಡಾಲರ್!

ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಆ ವರ್ಷ 300 ಕಾರುಗಳು ತಯಾರಾದವು. 1954ರಲ್ಲಿ 3,640 ತಯಾರಾದರೂ ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಗಿರಾಕಿಗಳೇ ಬರಲಿಲ್ಲ.

ನ್ಯೂಯಾರ್ಕ್ ಪ್ರದರ್ಶನದಲ್ಲಿ ಕಾರ್ವೆಟ್‌ಗೆ ಮನಸೋತವರಲ್ಲಿ ಝೋರಾ ಆರ್ಕಸ್-ಡುಂಟೋವ್ ಒಬ್ಬರು. ರಷ್ಯನ್ ಯಹೂದಿ ದಂಪತಿಗೆ 1909ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸ್‌ನಿಂದ ಅಮೆರಿಕ ಸೇರಿದ್ದ ಅವರು ಸ್ವತಃ ರೇಸ್ ಚಾಲಕರು. ಷೆವರ್ಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್‌ಗೆ ಪತ್ರ ಬರೆದು, 1953ರ ಮೇ ತಿಂಗಳಲ್ಲಿ ಕಂಪೆನಿ ಸೇರಿದರು. ಅದೇ ಡಿಸೆಂಬರಿನಲ್ಲಿ ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಕಳಿಸಿದರು. ಹಳೆಯ ಕಾರುಗಳನ್ನು ಬಿಚ್ಚಿ ವೇಗ ಹೆಚ್ಚಿಸಿಕೊಳ್ಳುವ ಹುಡುಗರೆಲ್ಲ ಫೋರ್ಡ್‌ನ ಭಕ್ತರು, ಅವರು ಓದುವ ಪತ್ರಿಕೆಗಳ ತುಂಬ ಫೋರ್ಡೇ. ಹೊಸ ಎಂಜಿನ್ ತಂದ ಮಾತ್ರಕ್ಕೆ ಅವರು ಇತ್ತ ತಿರುಗುವುದಿಲ್ಲ, ವೇಗ ಹೆಚ್ಚಿಸುವ ಬಿಡಿಭಾಗಗಳನ್ನು ಕಂಪೆನಿಯೇ ಒದಗಿಸಬೇಕು ಎಂಬುದು ಅದರ ತಿರುಳು. ಜನ ಕಾರ್ವೆಟ್‌ನಲ್ಲಿ ಪಂದ್ಯಕ್ಕಿಳಿಯುವುದನ್ನು ತಡೆಯಲಾಗದು, ಹಾಗಿರುವಾಗ ನೆರವಾಗುವುದೇ ಮೇಲು ಎಂದೂ ಬರೆದಿದ್ದರು. ಕೆಲಸಕ್ಕೆ ಸೇರಿ ವರ್ಷವೂ ತುಂಬದ ವಲಸಿಗನ ಈ ದಿಟ್ಟತನ ಮೆಚ್ಚತಕ್ಕದ್ದು.

1955ರಲ್ಲಿ ಕಾರ್ವೆಟ್‌ಗೆ 195 ಅಶ್ವಶಕ್ತಿಯ ವಿ-8 ಎಂಜಿನ್ ಬಂತು. ಆದರೂ ಆ ವರ್ಷ ತಯಾರಾದದ್ದು 700 ಮಾತ್ರ. ಅದೇ ವರ್ಷ ಫೋರ್ಡ್ ಕಂಪೆನಿಯ ಥಂಡರ್‌ಬರ್ಡ್ 16 ಸಾವಿರಕ್ಕೂ ಮೀರಿ ಮಾರಾಟವಾಯಿತು. ವಿಚಿತ್ರವೆಂದರೆ ಕಾರ್ವೆಟ್‌ನ ಜೀವ ಉಳಿಸಿದ್ದೂ ಈ ಪೈಪೋಟಿಯೇ ಎನ್ನಬೇಕು. ಆಗ ಅದನ್ನು ಕೈಬಿಟ್ಟಿದ್ದರೆ ಫೋರ್ಡ್ ಎದುರು ಬಹಿರಂಗವಾಗಿ ಸೋಲೊಪ್ಪಿದಂತಾಗುತ್ತಿತ್ತು.

1956ರಲ್ಲಿ ಕಾರ್ವೆಟ್ ಹೊಸ ಮೈ ತಳೆಯಿತು. ಏರಿಳಿಸುವ ಗಾಜುಗಳು ಬಂದವು, ಕೈಯಿಂದ ಹಾಕುವ ಗೇರು ಸಾಮಾನ್ಯ ಸಜ್ಜಾಯಿತು. ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗೆ ಡುಂಟೋವ್ ಹೊಸ ರೂಪ ಕೊಟ್ಟರು. ಫ್ಲಾರಿಡಾದ ಡೇಟೋನಾ ಕಡಲತೀರದ ಮರಳಿನ ಮೇಲೆ ತಾವೇ ಕಾರ್ವೆಟ್ ಓಡಿಸಿ ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ವೇಗ ಮುಟ್ಟಿದರು. 1957ರಲ್ಲಿ ಪೆಟ್ರೋಲನ್ನು ಕಾರ್ಬ್ಯುರೇಟರ್ ಬದಲು ನಳಿಕೆಗಳ ಮೂಲಕ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಬಂತು. 283 ಘನ ಅಂಗುಲದ ಎಂಜಿನ್ನಿಗೆ 283 ಅಶ್ವಶಕ್ತಿ! ಆ ವರ್ಷ 6,339 ಕಾರುಗಳು ತಯಾರಾದವು. 1960ರಲ್ಲಿ ಸಂಖ್ಯೆ ಹತ್ತು ಸಾವಿರ ದಾಟಿತು. ಅಷ್ಟರಲ್ಲಿ ಥಂಡರ್‌ಬರ್ಡ್ ನಾಲ್ಕು ಆಸನಗಳ ಭಾರಿ ಕಾರಾಗಿ ಬೇರೆ ದಾರಿ ಹಿಡಿದಿತ್ತು.

ಡುಂಟೋವ್ 1975ರಲ್ಲಿ ನಿವೃತ್ತರಾಗಿ, 1996ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.